ಹಲಗೆ ಬದಲಾದ ಪಿಯಾನೊ

ಲೋಕದಲ್ಲಿ ಉಳಿದಿರುವ ಅತ್ಯಂತ ಹಳೆಯ ಪಿಯಾನೊ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ 1720ರಲ್ಲಿ ಮಾಡಿದ್ದು. ಪಿಯಾನೊವನ್ನು ಕಂಡುಹಿಡಿದವನೇ ಅವನು. ಆ ವಾದ್ಯವನ್ನು ನುಡಿಸಿದ ಧ್ವನಿಮುದ್ರಣವೊಂದನ್ನು ಮೊದಲ ಸಲ ಕೇಳಿದಾಗ, ಮುನ್ನೂರು ವರ್ಷ ಹಿಂದಿನ ದನಿಯೇ ಕಿವಿಗೆ ಬಿತ್ತೆಂದು ಹಿಗ್ಗಿದ್ದೆ. ಹಿಗ್ಗು ಬಹಳ ದಿನ ಉಳಿಯಲಿಲ್ಲ. 1938ರಲ್ಲಿ ಅದರ ನಾದಹಲಗೆಯನ್ನೇ ಬದಲಿಸಿದ್ದರೆಂದು ಆಮೇಲೆ ಓದಿದೆ.

ಒಂದು ಹಲಗೆ ಹೋದರೆ ಏನು ಮಹಾ, ತಂತಿ, ಸುತ್ತಿಗೆ ಇದ್ದರೆ ಸಾಕಲ್ಲವೇ ಎಂದುಕೊಂಡೆ. ಸಾಲದು. ತಂತಿ ತೀರ ತೆಳು. ಅದು ಎಷ್ಟೇ ಕಂಪಿಸಿದರೂ ಗಾಳಿಯನ್ನು ಸೀಳುತ್ತದೆಯೇ ಹೊರತು ತಳ್ಳುವುದಿಲ್ಲ. ತಂಬೂರಿಯಲ್ಲಿ ನಾವು ಕುದುರೆ ಎನ್ನುತ್ತೇವಲ್ಲ, ಅಂಥದೇ ಮರದ ಪಟ್ಟಿಯೊಂದರ ಮೂಲಕ ಕಂಪನ ಹಲಗೆಗೆ ಇಳಿಯುತ್ತದೆ. ಕೋಣೆ ತುಂಬುವ ದನಿ ಹಲಗೆಯದು. ಅದು ತೆಳುವಾಗಿ ಬಳುಕುವಂತಿದ್ದರೆ ತಂತಿಯ ಶಕ್ತಿಯನ್ನು ಬೇಗ ಹೀರಿಕೊಳ್ಳುತ್ತದೆ: ಸ್ವರ ಜೋರಾಗಿ ಎದ್ದು ಬೇಗ ಅಡಗುತ್ತದೆ. ಗಡುಸಾಗಿದ್ದರೆ ಶಕ್ತಿ ತಂತಿಯಲ್ಲೇ ನಿಂತು ಸ್ವರ ಮೆಲ್ಲಗೆ, ಆದರೆ ಹೆಚ್ಚು ಹೊತ್ತು ಕೇಳುತ್ತದೆ. ಮರದ ಜಾತಿ, ದಪ್ಪ, ಕೆಳಗೆ ಅಂಟಿಸಿದ ಪಟ್ಟಿಗಳು, ಎಲ್ಲವೂ ಇದರಲ್ಲಿ ಕೈಯಾಡಿಸುತ್ತವೆ.

ಕ್ರಿಸ್ತೊಫೊರಿಗೆ ಇದು ಚೆನ್ನಾಗಿ ಗೊತ್ತಿತ್ತು. ಇಟಲಿಯ ಹಾರ್ಪ್ಸಿಕಾರ್ಡ್ ಕುಶಲಿಗಳಂತೆ ಸೈಪ್ರೆಸ್ ಮರವನ್ನೇ ಹಲಗೆಗೆ ಆರಿಸಿಕೊಂಡ. ಅವನ ನಿಜವಾದ ಜಾಣತನ ಮಾತ್ರ ಬೇರೆ ಕಡೆ ಇದೆ: ಪೆಟ್ಟಿಗೆಗೆ ಎರಡು ಗೋಡೆ ಕಟ್ಟಿದ. ಹೊರಗೋಡೆ ತಂತಿಗಳ ಎಳೆತ ಹೊತ್ತಿತು, ಒಳಗೋಡೆ ಹಲಗೆಯನ್ನಷ್ಟೇ ಹಿಡಿಯಿತು. ಎಳೆತದ ಪೀಡೆಯಿಲ್ಲದೆ ಹಲಗೆ ನಿರಾಳವಾಗಿ ನುಡಿಯಿತು. ಮುಂದೆ ಎಳೆತ ಟನ್ನುಗಟ್ಟಲೆ ಏರಿದಾಗ ಅದೇ ಕೆಲಸಕ್ಕೆ ಕಬ್ಬಿಣದ ಚೌಕಟ್ಟು ಬಂತು. ಇಂದಿನ ಹಲಗೆ ಸಾಮಾನ್ಯವಾಗಿ ಸ್ಪ್ರೂಸ್ ಮರದ್ದು, ನಡುವೆ ತುಸು ಉಬ್ಬಿರುವಂಥದ್ದು.

ಕ್ರಿಸ್ತೊಫೊರಿಯ ಇನ್ನೆರಡು ಪಿಯಾನೊಗಳು ಉಳಿದಿವೆ. ರೋಮಿನ 1722ರದು ಹುಳು ಹಿಡಿದು ಹಾಳಾಗಿದೆ. ಲೈಪ್ಜಿಗ್‌ನ 1726ರದನ್ನೂ ಈಗ ನುಡಿಸುವ ಹಾಗಿಲ್ಲ. ನುಡಿಯುವುದು ಹಲಗೆ ಬದಲಾದ ಆ ಒಂದೇ. ಗಾಜಿನ ಹಿಂದೆ ಮೂಕವಾಗಿರುವುದಕ್ಕಿಂತ ಅದು ಮೇಲಲ್ಲವೇ ಎನ್ನುವವರನ್ನು ನಾನು ತಳ್ಳಿಹಾಕಲಾರೆ. ಆ ಮುದ್ರಣವನ್ನು ಈಗಲೂ ಕೇಳುತ್ತೇನೆ, 1938ರ ಹಲಗೆಯ ದನಿ ಎಂದುಕೊಂಡೇ.