ಲೈಡನ್ನಿನ ಎರಡು ಭಾಷೆ

ಅಕ್ಕನ ಮಗ ದಾವಣಗೆರೆಯಿಂದ ಫೋನ್ ಮಾಡಿದ್ದ. ಡೆಲ್ಫ್ಟ್‌ನಲ್ಲಿ ಎಂ.ಎಸ್‌ಸಿ. ಓದಲು ಸೀಟು ಸಿಕ್ಕಿತ್ತು. "ಮಾಮ, ಪಾಠ ಇಂಗ್ಲಿಷಿನಲ್ಲೇ ಇದೆ. ಆದ್ರೆ ಇಂಗ್ಲಿಷ್ ಕೋರ್ಸು ಕಡಿಮೆ ಮಾಡಬೇಕು ಅಂತ ಅಲ್ಲಿ ಗಲಾಟೆಯಂತೆ. ನಮ್ಮಂಥವರು ಬರೋದು ಅವರಿಗೆ ಬೇಡವಾ?"

ಫೀಸು, ಬಾಡಿಗೆ, ವಿಮೆಯ ಲೆಕ್ಕ ಅಂದೇ ಕಳಿಸಿದೆ. ಈ ಪ್ರಶ್ನೆಗೆ ಮಾತ್ರ ಉತ್ತರ ಹೊಳೆಯಲಿಲ್ಲ. ನಾನಿರುವ ಲೈಡನ್ ಊರಿನ ಹಳೆಯ ಕಥೆ ಕೆದಕತೊಡಗಿದ್ದು ಆಮೇಲೆ.

1574ರಲ್ಲಿ ಸ್ಪೇನಿನ ಸೈನ್ಯ ಲೈಡನ್ನಿಗೆ ಮುತ್ತಿಗೆ ಹಾಕಿ ಜನರನ್ನು ಹಸಿವಿನಿಂದ ಕೊಂದಿತು. ಡಚ್ಚರು ತಾವೇ ಕಟ್ಟಿದ ಏರಿಗಳನ್ನು ಒಡೆದು, ಹೊಲಗಳ ಮೇಲೆ ನೀರು ಹರಿಸಿ, ದೋಣಿಯಲ್ಲಿ ಬಂದು ಅಕ್ಟೋಬರ್ 3ರಂದು ಊರನ್ನು ಬಿಡಿಸಿಕೊಂಡರು. ಬಹುಮಾನವಾಗಿ ತೆರಿಗೆ ವಿನಾಯಿತಿ ಬೇಕೋ ವಿಶ್ವವಿದ್ಯಾಲಯ ಬೇಕೋ ಎಂದು ರಾಜಕುಮಾರ ವಿಲಿಯಂ ಕೇಳಿದನಂತೆ, ಜನ ವಿಶ್ವವಿದ್ಯಾಲಯ ಆರಿಸಿಕೊಂಡರಂತೆ. ಇದು ದಂತಕಥೆ. (ನಾನಾಗಿದ್ದರೆ ವಿನಾಯಿತಿ ಕೇಳುತ್ತಿದ್ದೆ.) 1575ರ ಫೆಬ್ರುವರಿಯಲ್ಲಿ ವಿಶ್ವವಿದ್ಯಾಲಯ ಶುರುವಾದದ್ದಂತೂ ನಿಜ. ಅದರ ಸನ್ನದು ಹೊರಟದ್ದು ಯಾರ ವಿರುದ್ಧ ದಂಗೆ ಎದ್ದಿದ್ದರೋ ಆ ದೊರೆ ಫಿಲಿಪ್‌ನ ಹೆಸರಿನಲ್ಲೇ! ಇಂಥ ದಾಖಲೆಯನ್ನು ಯಾವ ಆಡಿಟರೂ ಒಪ್ಪಲಾರ.

ಪಾಠ ಲ್ಯಾಟಿನ್ನಿನಲ್ಲಿ. ಅಂದಿನ ವಿದ್ವಾಂಸರಿಗೆ ಅದೇ ಇಂದಿನ ಇಂಗ್ಲಿಷ್. ಹಾಗಾಗಿ ಎಲ್ಲ ಕಡೆಯಿಂದ ಹುಡುಗರು ಬಂದರು. ಮತದ ಕಾರಣಕ್ಕೆ ಆಕ್ಸ್‌ಫರ್ಡಿನ ಬಾಗಿಲು ಮುಚ್ಚಿದ್ದ ಇಂಗ್ಲಿಷರೂ ಬಂದರು. 1630ರಲ್ಲಿ ಫ್ರಾನ್ಸಿನ ಡೆಕಾರ್ಟ್ ಇಲ್ಲಿ ಹೆಸರು ನೋಂದಾಯಿಸಿದ. ಮುಂದೆ ಬೂರ್‌ಹಾವೆ ಎಂಬ ವೈದ್ಯ ಆಸ್ಪತ್ರೆಯ 12 ಹಾಸಿಗೆಗಳ ಪಕ್ಕದಲ್ಲೇ, ರೋಗಿಯನ್ನು ತೋರಿಸುತ್ತಾ ಪಾಠ ಹೇಳಿದ. ಎಡಿನ್‌ಬರೊದ ವೈದ್ಯಶಾಲೆಯನ್ನು ಕಟ್ಟಿದ್ದು ಅವನ ಶಿಷ್ಯರು.

ಆದರೆ ನನ್ನ ಮನಸ್ಸು ನಿಲ್ಲುವುದು ಸೈಮನ್ ಸ್ಟೆವಿನ್ ಬಳಿ. ಅವನು ನಮ್ಮ ಕಸುಬಿನವನು. ಆಂಟ್‌ವರ್ಪ್‌ನಲ್ಲಿ ಲೆಕ್ಕ ಬರೆಯುತ್ತಿದ್ದವನು. ಹುಟ್ಟಿದ್ದು ದಕ್ಷಿಣದ ಬ್ರುಗೆಯಲ್ಲಿ, ಇಲ್ಲಿಗೆ ವಲಸೆ ಬಂದವನು. ಸಾಹುಕಾರರು ಗುಟ್ಟಾಗಿ ಇಟ್ಟುಕೊಳ್ಳುತ್ತಿದ್ದ ಬಡ್ಡಿಯ ಕೋಷ್ಟಕಗಳನ್ನು 1582ರಲ್ಲಿ ಅಚ್ಚು ಹಾಕಿಸಿದ. ದಶಮಾಂಶದಲ್ಲಿ ಲೆಕ್ಕ ಮಾಡುವ ಬಗೆಯನ್ನು 1585ರಲ್ಲಿ ಸಣ್ಣ ಪುಸ್ತಕವೊಂದರಲ್ಲಿ ಭೂಮಾಪಕರಿಗೂ ವರ್ತಕರಿಗೂ ತಿಳಿಯುವಂತೆ ಹೇಳಿದ, ಅದೂ ಡಚ್ಚಿನಲ್ಲಿ. ವಿಜ್ಞಾನಕ್ಕೆ ತನ್ನ ನುಡಿಗಿಂತ ಒಳ್ಳೆಯದಿಲ್ಲ ಎಂಬುದು ಅವನ ಹಟ. 12ನೆಯ ಶತಮಾನದಲ್ಲೇ ಕನ್ನಡದಲ್ಲಿ 'ವ್ಯವಹಾರಗಣಿತ' ಬರೆದ ರಾಜಾದಿತ್ಯನನ್ನು ಓದಿಸಿದ್ದರೆ ಸ್ವಲ್ಪ ಮೆತ್ತಗಾಗುತ್ತಿದ್ದನೇನೋ.

1600ರಲ್ಲಿ ರಾಜಕುಮಾರ ಮೌರಿಟ್ಸ್‌ಗೆ ಕೋಟೆ ಕಟ್ಟುವ ಎಂಜಿನಿಯರುಗಳು ಬೇಕಾದರು. ಸ್ಟೆವಿನ್ ಪಠ್ಯಕ್ರಮ ಬರೆದುಕೊಟ್ಟ. ಲ್ಯಾಟಿನ್ ಪಾಠ ನಡೆಯುತ್ತಿದ್ದ ಅದೇ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಶಾಲೆ ತೆರೆಯಿತು, ಡಚ್ ಮಾಧ್ಯಮದಲ್ಲಿ. ಕಲಿಸಲು ನೇಮಕವಾದವರಲ್ಲಿ ಒಬ್ಬ ಲುಡಾಲ್ಫ್ ಫಾನ್ ಕೋಲನ್. ಜರ್ಮನಿಯಲ್ಲಿ ಹುಟ್ಟಿ ಬಂದವನು, ಲ್ಯಾಟಿನ್ ಬಾರದವನು, ಹೊಟ್ಟೆಪಾಡಿಗೆ ಕತ್ತಿವರಸೆ ಕಲಿಸುತ್ತಿದ್ದವನು. ಪೈ ಬೆಲೆಯನ್ನು 35 ದಶಮಾಂಶ ಸ್ಥಾನದವರೆಗೆ ಕೈಯಲ್ಲೇ ಲೆಕ್ಕ ಹಾಕಿದ್ದ!

ಡಚ್ಚಿನ ಪರ ನಿಂತವನು ಒಬ್ಬ ವಲಸಿಗ, ಡಚ್ಚಿನಲ್ಲಿ ಪಾಠ ಹೇಳಿದವನು ಇನ್ನೊಬ್ಬ ವಲಸಿಗ. ಹೊರಗಿನವರಿಗೆ ಬಾಗಿಲು ತೆಗೆದದ್ದು ಲ್ಯಾಟಿನ್. ಬಡಗಿ, ಗಾರೆಯವನ ಮಗನಿಗೆ ತೆಗೆದದ್ದು ಡಚ್. ಇಂದಿನ ಗಲಾಟೆ ನನಗೆ ಹಗೆತನವಾಗಿ ಕಾಣುವುದಿಲ್ಲ. ಎರಡು ಬಾಗಿಲನ್ನೂ ತೆರೆದಿಡುವುದು ಹೇಗೆಂಬ ಹಳೆಯ ಜಗಳವೇ ಮುಂದುವರಿದಂತಿದೆ.

ಹುಡುಗ ಬಂದ. ಮೊದಲ ಶನಿವಾರವೇ ಅವನನ್ನು ಪೀಟರ್ಸ್‌ಕೆರ್ಕ್ ಚರ್ಚಿಗೆ ಕರೆದುಕೊಂಡು ಹೋದೆ. ಲುಡಾಲ್ಫನ ಸಮಾಧಿಯ ಕಲ್ಲು ಎಂದೋ ಕಳೆದುಹೋಗಿದೆ. 2000ನೇ ಇಸವಿಯಲ್ಲಿ ಇಟ್ಟ ಸ್ಮಾರಕದ ಮೇಲೆ ಅವನ ಅಂಕೆಗಳಿವೆ. ಅವನ್ನು ಒಂದೊಂದಾಗಿ ಓದಿ ಮುಗಿಸಿ, "ಮಾಮ, ಸಂಜೆಯ ಡಚ್ ಕ್ಲಾಸಿಗೆ ಎಷ್ಟಾಗುತ್ತೆ?" ಎಂದ. ಆ ಲೆಕ್ಕ ನಾನೇ ಕಟ್ಟಿದೆ.