ಅರಿವಿನ ವರ್ತನಾ ಚಿಕಿತ್ಸೆ: ಆಪ್ತಸಲಹೆಗಾರರ ಕಲಿಕೆಯ ಹಾದಿ

ಘಟನೆಗಿಂತಲೂ ಅದಕ್ಕೆ ಮನಸ್ಸು ಕೊಡುವ ಅರ್ಥವೇ ವ್ಯಕ್ತಿಯ ಭಾವನೆ ಮತ್ತು ವರ್ತನೆಯನ್ನು ಹೆಚ್ಚಾಗಿ ರೂಪಿಸುತ್ತದೆ ಎಂಬ ತಿಳಿವಳಿಕೆಯೇ ಅರಿವಿನ ವರ್ತನಾ ಚಿಕಿತ್ಸೆಯ (ಸಿಬಿಟಿ) ತಳಹದಿ. 1960ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಆರನ್ ಬೆಕ್ (1921–2021) ಖಿನ್ನತೆಗೆ ಒಳಗಾದವರ ಆಲೋಚನೆಗಳನ್ನು ಅಧ್ಯಯನ ಮಾಡಿ ಈ ಪದ್ಧತಿಗೆ ರೂಪ ಕೊಟ್ಟರು.

ಸಲಹೆಯಲ್ಲ, ಪ್ರಶ್ನೆ

ಈ ಪದ್ಧತಿಯ ತಂತ್ರಗಳನ್ನು ಪುಸ್ತಕ ಓದಿ ತಿಳಿಯಬಹುದು. ಬಳಸಲು ಮಾತ್ರ ಅಭ್ಯಾಸ ಬೇಕು. ಬುದ್ಧಿವಾದ ಹೇಳುವ ಚಪಲವನ್ನು ಬಿಡುವುದೇ ಕಲಿಯುವವರಿಗೆ ಎದುರಾಗುವ ಮೊದಲ ಸವಾಲು. ಪಿಯುಸಿಯಲ್ಲಿ ಅನುತ್ತೀರ್ಣನಾದ ವಿದ್ಯಾರ್ಥಿಯೊಬ್ಬ ‘ನಾನು ಯಾವುದಕ್ಕೂ ಬಾರದವನು’ ಎಂದನೆನ್ನಿ. ‘ಹಾಗೆಲ್ಲ ಅಂದುಕೊಳ್ಳಬೇಡಿ’ ಎಂಬ ಸಮಾಧಾನದಿಂದ ಆ ನಂಬಿಕೆ ಅಲುಗುವುದಿಲ್ಲ. ‘ಈ ಮಾತಿಗೆ ಆಧಾರವೇನು? ಇದಕ್ಕೆ ಹೊಂದದ ಸಂಗತಿಗಳಿವೆಯೇ? ಗೆಳೆಯನಿಗೆ ಹೀಗಾಗಿದ್ದರೆ ಏನು ಹೇಳುತ್ತಿದ್ದಿರಿ?’ ಎಂದು ಕೇಳಿದಾಗ ಉತ್ತರವನ್ನು ಆತನೇ ಹುಡುಕತೊಡಗುತ್ತಾನೆ.

ಮಾತಿನ ಜೊತೆಗೆ ಕ್ರಿಯೆಯೂ ಮುಖ್ಯ. ಬಿಟ್ಟುಹೋದ ಚಟುವಟಿಕೆಗಳನ್ನು ಚಿಕ್ಕ ಹೆಜ್ಜೆಗಳಲ್ಲಿ ಮತ್ತೆ ಆರಂಭಿಸುವುದು, ಮನಸ್ಸಿಗೆ ಬಂದ ಆಲೋಚನೆಗಳನ್ನು ಬರೆದಿಡುವುದು ಇವೆಲ್ಲ ಮುಂದಿನ ಭೇಟಿಯವರೆಗಿನ ಅಭ್ಯಾಸಗಳು. ಇವನ್ನು ಆಪ್ತಸಲಹೆಗಾರರು ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಳ್ಳುವುದು ಒಳಿತು. ಬರೆಯಲು ಎಷ್ಟು ಕಷ್ಟ ಎಂಬುದು ಆಗ ತಿಳಿಯುತ್ತದೆ.

ಕೌಶಲಕ್ಕೂ ಅಳತೆಗೋಲು

ಕಲಿಕೆಯ ಜೀವಾಳ ಮೇಲ್ವಿಚಾರಣೆ. ಸಲಹಾರ್ಥಿಯ ಒಪ್ಪಿಗೆ ಪಡೆದು ಮಾತುಕತೆಯನ್ನು ಧ್ವನಿಮುದ್ರಿಸಿ, ಅನುಭವಿಗಳು ಅದನ್ನು ಕೇಳಿ ಅಂಕ ನೀಡುವ ಪದ್ಧತಿಯಿದೆ. ಇದಕ್ಕಾಗಿ ಬಳಕೆಯಲ್ಲಿರುವ ಅಳತೆಗೋಲಿನಲ್ಲಿ 11 ಅಂಶಗಳಿದ್ದು, ಪ್ರತಿಯೊಂದಕ್ಕೂ 0ಯಿಂದ 6ರವರೆಗೆ ಅಂಕಗಳಿವೆ. ಒಟ್ಟು 66ರಲ್ಲಿ 40 ಅಂಕಗಳನ್ನು ಸಾಮಾನ್ಯವಾಗಿ ಸಾಮರ್ಥ್ಯದ ಗಡಿಯೆಂದು ಪರಿಗಣಿಸಲಾಗುತ್ತದೆ.

ನೆರೆಯ ಗೋವಾದ ಅನುಭವ ಇಲ್ಲಿ ಉಲ್ಲೇಖನೀಯ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮಾನಸಿಕ ಆರೋಗ್ಯದ ಪದವಿಯಿಲ್ಲದ ಸಾಮಾನ್ಯರಿಗೆ ತರಬೇತಿ ನೀಡಿ, ವರ್ತನೆಗೆ ಒತ್ತು ಕೊಡುವ ಚಿಕ್ಕ ಅವಧಿಯ ಚಿಕಿತ್ಸೆಯನ್ನು ತೀವ್ರ ಖಿನ್ನತೆಯುಳ್ಳವರಿಗೆ ಒದಗಿಸಲಾಯಿತು. ಅದರಿಂದ ಪ್ರಯೋಜನವಾದುದನ್ನು ‘ಲ್ಯಾನ್ಸೆಟ್’ ಪತ್ರಿಕೆ 2017ರಲ್ಲಿ ಪ್ರಕಟಿಸಿತು. ತರಬೇತಿಯ ನಂತರವೂ ಈ ಸಲಹೆಗಾರರು ಪರಸ್ಪರರ ಧ್ವನಿಮುದ್ರಿಕೆಗಳನ್ನು ಕೇಳಿ ತಿದ್ದಿಕೊಳ್ಳುತ್ತಿದ್ದರು.

ಮಿತಿಯ ಅರಿವು

ಬಡತನ, ದೌರ್ಜನ್ಯಗಳಂಥ ನಿಜವಾದ ಸಂಕಷ್ಟವನ್ನು ‘ತಪ್ಪು ಆಲೋಚನೆ’ ಎಂದು ತಳ್ಳಿಹಾಕುವುದು ಈ ವಿದ್ಯೆಯ ದುರ್ಬಳಕೆಯೇ ಸರಿ. ಆತ್ಮಹತ್ಯೆಯ ಯೋಚನೆ ಅಥವಾ ಭ್ರಮೆಯ ಲಕ್ಷಣಗಳು ಕಂಡುಬಂದರೆ ತಡಮಾಡದೆ ಮನೋವೈದ್ಯರ ನೆರವು ಪಡೆಯಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಹಗಲಿರುಳೂ ಲಭ್ಯ. ಎಲ್ಲಿ ನಿಲ್ಲಬೇಕೆಂಬುದನ್ನು ತಿಳಿಯುವುದೂ ಆಪ್ತಸಲಹೆಗಾರರ ಕಲಿಕೆಯ ಭಾಗವೇ.