ನಮ್ಮವರನ್ನ ನೋಡಿ ನಗೂದು: ‘ಘಾಶೀರಾಮ ಕೋತ್ವಾಲ’ ಮತ್ತು ಗಡಿಯ ಪ್ರೇಕ್ಷಕ

ರಾಜಕೀಯ ವಿಡಂಬನೆಯ ನಾಟಕ ಅಂದಕೂಡಲೇ ಅದು ಸರಕಾರಕ್ಕೂ ನಾಟಕಕಾರನಿಗೂ ನಡೆಯೋ ಜಗಳ ಅಂತ ನಾವು ತಿಳೀತೀವಿ. ಅದು ಅರ್ಧ ಮಾತು. ಇನ್ನರ್ಧ ಜಗಳ ನಾಟಕಕ್ಕೂ ಅದನ್ನು ನೋಡುವ ಊರಿಗೂ ನಡೆಯುವಂಥಾದ್ದು. ದುಧನಿಯವನಾದ ನಾನು ಇದನ್ನು ಪುಣೆಯ ಒಂದು ನಾಟಕದ ಮೂಲಕ ಹೇಳ್ತೀನಿ. ನಮ್ಮೂರ ಸ್ಟೇಶನ್ನಿನ ಹಳಿ ಸೊಲ್ಲಾಪುರ ದಾಟಿ ಪುಣೆಗೇ ಹೋಗ್ತದ. ದೊಡ್ಡ ಶಹರ ಅಂದ್ರ ನಮಗ ಬೆಂಗಳೂರಿಗಿಂತ ಅದೇ ಸಮೀಪ.

ಮೊದಲಿನ ಅರ್ಧಕ್ಕೆ ಉದಾಹರಣೆ ಸುಲಭ. 1876ರಲ್ಲಿ ಬ್ರಿಟಿಷರು ನಾಟಕ ಪ್ರದರ್ಶನ ಕಾಯಿದೆ ತಂದರು. ಖಾಡಿಲ್ಕರರ ‘ಕೀಚಕವಧ’ 1907ರಲ್ಲಿ ರಂಗಕ್ಕೆ ಬಂತು. ಕಥೆ ಮಹಾಭಾರತದ್ದು, ಆದರೆ ಪ್ರೇಕ್ಷಕರು ಕೀಚಕನಲ್ಲಿ ಲಾರ್ಡ್ ಕರ್ಜನ್‌ನನ್ನು ಕಂಡರು. 1910ರಲ್ಲಿ ಸರಕಾರ ಅದನ್ನು ನಿಷೇಧಿಸಿತು. ಇಲ್ಲಿ ಊರು ನಾಟಕದ ಕಡೆ, ಸರಕಾರ ಎದುರುಗಡೆ.

ಈಗ ಎರಡನೇ ಅರ್ಧ ನೋಡ್ರಿ. 1972ರ ಡಿಸೆಂಬರ್ 16ರಂದು ಪುಣೆಯಲ್ಲಿ ವಿಜಯ ತೆಂಡೂಲ್ಕರರ ‘ಘಾಶೀರಾಮ ಕೋತ್ವಾಲ’ದ ಮೊದಲ ಪ್ರಯೋಗ ಆಯಿತು. ಪೇಶವೆಯರ ಮಂತ್ರಿ ನಾನಾ ಫಡ್ನವೀಸ ತನ್ನ ಚಪಲಕ್ಕಾಗಿ ಹೊರಗಿನಿಂದ ಬಂದ ಘಾಶೀರಾಮನಿಗೆ ಕೋತ್ವಾಲಿ ಕೊಡ್ತಾನ. ಕೆಲಸ ಮುಗಿದ ಮ್ಯಾಲೆ ಅವನನ್ನು ಜನರ ಕೈಗೆ ಬಿಟ್ಟುಬಿಡ್ತಾನ. ತೆಂಡೂಲ್ಕರರಿಗೆ ಬೇಕಾಗಿದ್ದು ಅಧಿಕಾರ ತನಗೆ ಬೇಕಾದಾಗ ಘಾಶೀರಾಮರನ್ನು ಹುಟ್ಟಿಸಿ, ಬೇಡಾದಾಗ ಮುಗಿಸುವ ಬಗೆ. ಆದರೆ ನಾನಾ ಪುಣೆಯ ಅಭಿಮಾನದ ಮನುಷ್ಯ. ಇತಿಹಾಸ ಕೆಡಿಸಿದರು, ಬ್ರಾಹ್ಮಣರಿಗೆ ಅವಮಾನ ಮಾಡಿದರು ಅಂತ ಗದ್ದಲವಾಯಿತು. 19 ಪ್ರಯೋಗಗಳ ನಂತರ ಆಡಿಸುತ್ತಿದ್ದ ಸಂಸ್ಥೆಯೇ ನಾಟಕ ನಿಲ್ಲಿಸಿತು. ಕಲಾವಿದರು ಹೊರಗೆ ಬಂದು ‘ಥಿಯೇಟರ್ ಅಕಾಡೆಮಿ’ ಕಟ್ಟಿದರು. 1974ರಲ್ಲಿ ನಾಟಕ ಮತ್ತೆ ಶುರುವಾಯಿತು. 1980ರಲ್ಲಿ ಯುರೋಪಿಗೆ ಹೊರಟಾಗಲೂ ವಿರೋಧ ತಪ್ಪಲಿಲ್ಲ.

ಇದೆಲ್ಲ ಪುಣೆಯ ಮನಿ ಜಗಳ, ನಮಗೇನು ಸಂಬಂಧ ಅಂತ ಕೇಳಬಹುದು. ಅದರ ನಿರ್ದೇಶಕ ಜಬ್ಬಾರ್ ಪಟೇಲ್ ಸೊಲ್ಲಾಪುರದಲ್ಲಿ ಶಾಲೆ ಕಲಿತವರು. ಸಾಲಾಗಿ ನಿಂತ ಬ್ರಾಹ್ಮಣರೇ ಪರದೆ ಆಗೋದು, ಹಾಡು, ಕುಣಿತ, ಕೀರ್ತನೆ ಇವೆಲ್ಲ ಜಾನಪದ ಆಟಗಳ ಕಡೆಯಿಂದ ಬಂದವು. ಇನ್ನೂ ಹಿಂದಕ್ಕೆ ಹೋದರೆ, ಉತ್ತರ ಕನ್ನಡದ ಕರ್ಕಿ ಮೇಳದ ಆಟ ನೋಡಿದ ಸಾಂಗಲಿಯ ದೊರೆ ಮರಾಠಿಯಲ್ಲೂ ಅಂಥದ್ದು ಬೇಕು ಅಂದಿದ್ದಕ್ಕೇ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದ್ದು. ಕನ್ನಡ ರಂಗಭೂಮಿ, ಮರಾಠಿ ರಂಗಭೂಮಿ ಅಂತ ಎರಡು ಬೇರೆ ಪುಸ್ತಕ ಓದಿದರೆ ಈ ಕೊಂಡಿ ಎರಡರಲ್ಲೂ ಅಂಚಿಗೆ ಸರೀತದ. ಅಂಚಿನಲ್ಲೇ ಇರೋ ನಮಗೆ ಅದು ನಡುವಿನ ಸಂಗತಿ.

ಕಾರ್ನಾಡರ ‘ತುಘಲಕ್’ (1964) ಪಕ್ಕಕ್ಕಿಟ್ಟು ನೋಡೋಣ. ಅಲ್ಲೂ ಇತಿಹಾಸವೇ ಮುಖವಾಡ. ನೆಹರೂ ಕಾಲದ ಕನಸು ಒಡೆದಿದ್ದನ್ನು ಓದುಗರು ಅದರಲ್ಲಿ ಕಂಡರು. ಆದರೆ ದಿಲ್ಲಿಯ ಸುಲ್ತಾನ ಧಾರವಾಡದ ಪ್ರೇಕ್ಷಕನಿಗೆ ಮನೆಯವನಲ್ಲ. ನಾನಾ ಪುಣೆಯವರಿಗೆ ಮನೆಯವ. ಮುಖವಾಡ ಎಷ್ಟು ಹತ್ತಿರದ್ದೋ ವಿಡಂಬನೆ ಅಷ್ಟು ಚುಚ್ಚತದ ಅನ್ನೋದು ನನ್ನ ವಾದ.

ಇದನ್ನೇ ನಮ್ಮ ಕಡೆ ತಿರುಗಿಸಿ ನೋಡ್ರಿ. 1967ರ ಮಹಾಜನ ವರದಿ ಅಕ್ಕಲಕೋಟ ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕು ಅಂದಿತು. ನಾವು ಮಹಾರಾಷ್ಟ್ರದಲ್ಲೇ ಉಳಿದೆವು. ಈ ಗಡಿ ರಾಜಕಾರಣದ ಮ್ಯಾಲೆ ನಾಳೆ ಯಾರಾದರೂ ಕನ್ನಡದಲ್ಲಿ ವಿಡಂಬನೆ ಬರೆದರೆ, ಮರಾಠಿ ಮುಖಂಡರನ್ನು ಆಡಿಕೊಂಡು ಚಪ್ಪಾಳೆ ಗಿಟ್ಟಿಸೋದು ಸುಲಭ. ಮರಾಠಿಯವರು ನಮ್ಮವರನ್ನು ಆಡಿಕೊಂಡರೂ ಅಷ್ಟೇ. ಅದು ಬೈಗುಳ, ವಿಡಂಬನೆ ಅಲ್ಲ. ತೆಂಡೂಲ್ಕರರು ಮರಾಠಿಯಲ್ಲಿ, ಮರಾಠಿ ಊರಿನ ಎದುರು, ಅವರದೇ ನಾನಾನನ್ನು ನಿಲ್ಲಿಸಿದರು. ನಮ್ಮ ನಾನಾ ಯಾರು, ಅವನನ್ನು ದುಧನಿಯ ಸಂತೆಪೇಟೆಯಲ್ಲಿ ನಿಲ್ಲಿಸಿ ನಗಲಿಕ್ಕೆ ನಾವು ತಯಾರ ಇದ್ದೀವೇನು? ಚರ್ಚೆ ಇಲ್ಲಿಂದ ಶುರು ಮಾಡೋಣ ಅಂತ ಕೇಳ್ಕೋತೀನಿ.